ಉಳಿಸಬೇಕೆ?

ವೈದ್ಯೆ ಮಂಚದ ಕೆಳಗೆ ಬಗ್ಗಿ ನೋಡಿದರು. ಹೊದಿಕೆ ಸರಿಸಿದರು. ರೋಗಿಯ ಕೈಕೆಳಗಿದ್ದ ಮೌಸಿನ ತಂತಿಯನ್ನು ಲ್ಯಾಪ್‌ಟಾಪಿನವರೆಗೂ ಸವರುತ್ತ ಬಂದರು. ಬೇರೆ ತಂತಿ ಸಿಗಲಿಲ್ಲ.

"ನೀವ್ಯಾರೂ ಒತ್ತುತ್ತಿಲ್ಲ ತಾನೆ?"

"ನಾವ್ಯಾಕೆ ಒತ್ತೋಣ ಡಾಕ್ಟ್ರೇ?" ಎಂದರು ತಾಯಿ. "ನನ್ನ ಮಗನೇ ಒತ್ತುತ್ತಿರೋದು. ಬೆಳಗ್ಗೆಯಿಂದ ಕೇಳಿದ್ದಕ್ಕೆಲ್ಲ ಹೌದು ಅಂತಿದ್ದಾನೆ. ಹುಷಾರಾಗಿದ್ದಾಗ ಒಂದು ದಿನ ನನ್ನ ಮಾತಿಗೆ ಹೂಂ ಅಂದವನಲ್ಲ."

ಮಗ ಲಿಫ್ಟ್ ರಿಪೇರಿ ಮಾಡುವವನು. ಕೆಲಸದಲ್ಲಿದ್ದಾಗ ಮೇಲಿನ ಮಹಡಿಯಿಂದ ಜಾರಿಬಿದ್ದು, ತಲೆಗೆ ಪೆಟ್ಟಾಗಿ, ಅಂದಿನಿಂದ ಹೀಗೇ ಮಲಗಿದ್ದ. ಗಂಟಲಿನ ನಳಿಕೆಯ ಮೂಲಕ ಯಂತ್ರ ಅವನಿಗೆ ಉಸಿರು ತುಂಬುತ್ತಿತ್ತು. ಕಣ್ಣು ತೆರೆದಿರುತ್ತಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಬಲಗೈಯ ಎರಡು ಬೆರಳು ಮಾತ್ರ ಯಾವಾಗಲೋ ಒಮ್ಮೆ ಅದುರುತ್ತಿದ್ದವು. ಅದು ನರಗಳ ಸೆಳೆತ, ಅದಕ್ಕೆ ಅರ್ಥ ಹುಡುಕಬೇಡಿ ಎಂದಿದ್ದರು ವೈದ್ಯೆ. ಯಂತ್ರ ತೆಗೆಯುವ ಮಾತು ಬಂದಿತ್ತು. ಸಂಜೆಯೊಳಗೆ ತಾಯಿ ತಮ್ಮ ತೀರ್ಮಾನ ತಿಳಿಸಬೇಕಿತ್ತು.

ಅವನ ಅಕ್ಕ ಆ ಎರಡು ಬೆರಳುಗಳನ್ನೇ ನಂಬಿದ್ದಳು. ಒಂದು ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಬಾಗಿಲು ಹಾಕುವ ಹೊತ್ತಿಗೆ ಅಲ್ಲಿನ ಪರದೆಗಳ ಮೇಲೆ ಒಂದು ಪುಟ್ಟ ಚೌಕ ಏಳುತ್ತಿತ್ತು: "ಹೊತ್ತಾಯಿತು. ನಿಮ್ಮ ಕೆಲಸ ಉಳಿಸಬೇಕೆ?" ಕೆಳಗೆ ಎರಡು ಬಟನ್, ಹೌದು ಮತ್ತು ಇಲ್ಲ. ಆ ಚೌಕ ಏಳಿಸುವ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ, ಅವಳೇ ಬರೆದದ್ದು, ಕೆಲವೇ ಸಾಲುಗಳದ್ದು. ಅದನ್ನೇ ಇಲ್ಲಿಗೆ ತಂದು, ಪ್ರಶ್ನೆಯನ್ನೂ ಒತ್ತುವ ಬಗೆಯನ್ನೂ ಬದಲಿಸಿ, ಮೌಸನ್ನು ತಮ್ಮನ ಕೈಕೆಳಗೆ ಇಟ್ಟಿದ್ದಳು. ಮೌಸಿನ ಎಡಗುಂಡಿ ಒತ್ತಿದರೆ ಹೌದು, ಬಲಗುಂಡಿ ಒತ್ತಿದರೆ ಇಲ್ಲ. ಒತ್ತಿದೊಡನೆ ಚೌಕ ಮುಚ್ಚಿಕೊಂಡು, ಉತ್ತರ ದೊಡ್ಡ ಅಕ್ಷರಗಳಲ್ಲಿ ಮೂಡಬೇಕು.

ಮೂಡಿತ್ತು. ಅಮ್ಮನ ಗುರುತು ಸಿಕ್ಕಿತಾ? ಹೌದು. ಚಳಿ ಆಗ್ತಿದೆಯಾ? ಹೌದು. ತಾಯಿ ಇನ್ನೊಂದು ಹೊದಿಕೆ ಹೊದಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದರು.

"ನಾನೊಂದೆರಡು ಪ್ರಶ್ನೆ ಕೇಳ್ಲಾ?" ಎಂದು ವೈದ್ಯೆ ಕುರ್ಚಿ ಎಳೆದುಕೊಂಡರು.

ನಿಮ್ಮ ಅಕ್ಕ ನಿಮಗಿಂತ ಚಿಕ್ಕವರೇ? ಹೌದು.

ನೀವು ಈಗ ಬಸ್ಸಿನಲ್ಲಿ ಕೂತಿದ್ದೀರಾ? ಹೌದು.

"ತಲೆಗೆ ಏಟು ಬಿದ್ದಿದೆಯಲ್ಲ, ಗಲಿಬಿಲಿ ಆಗಿರುತ್ತೆ," ಎಂದರು ತಾಯಿ. ವೈದ್ಯೆ ಅಕ್ಕನತ್ತ ನೋಡಿದರು.

ಅಕ್ಕ ಮೌಸನ್ನು ಕಳಚಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗಿನ ಪಡಸಾಲೆಗೆ ಬಂದಳು. ಬೆಂಚಿನ ಮೇಲೆ ಕೂತು, ಯಾವ ಮೌಸೂ ಇಲ್ಲದೆ ಒಂದು ಪ್ರಶ್ನೆ ಓಡಿಸಿದಳು. ಚೌಕ ಎದ್ದಿತು, ಸ್ವಲ್ಪ ಹೊತ್ತು ನಿಂತು ತಾನಾಗಿ ಮುಚ್ಚಿಕೊಂಡಿತು.

ಹೌದು.

ಅವಳು ತಕ್ಷಣ ಸ್ಕ್ರಿಪ್ಟ್ ತೆರೆದಳು. ಹೌದು ಒತ್ತಿದರೆ ಚೌಕ ಒಂದು ಅಂಕೆ ಕೊಡುತ್ತಿತ್ತು, ಇಲ್ಲ ಒತ್ತಿದರೆ ಬೇರೆಯದು, ಯಾರೂ ಒತ್ತದೆ ಅವಧಿ ಮುಗಿದರೆ ಮತ್ತೊಂದು. ಅವಳು ಬರೆದದ್ದು ಇಷ್ಟೇ: ಇಲ್ಲ ಬಟನ್ನಿನ ಅಂಕೆ ಬಂದರೆ ಇಲ್ಲ, ಮಿಕ್ಕಿದ್ದೆಲ್ಲ ಹೌದು. ಗ್ರಂಥಾಲಯದಲ್ಲಿ ಅದು ಸರಿಯಾಗಿತ್ತು. ಉತ್ತರ ಕೊಡದೆ ಎದ್ದುಹೋದವರ ಕೆಲಸ ಅಳಿಸಿಹೋಗಬಾರದಲ್ಲ.

"ಏನಾಯ್ತು?" ವೈದ್ಯೆ ಹಿಂದೆಯೇ ಬಂದಿದ್ದರು.

"ಅವನು ಒಂದು ಸಲವೂ ಒತ್ತಿಲ್ಲ. ಸುಮ್ನೆ ಇದ್ರೂ ಇದು ಹೌದು ಅನ್ನುತ್ತೆ." ಅವಳು ಪರದೆಯ ಮೇಲೆ ಆ ಸಾಲಿಗೆ ಬೆರಳಿಟ್ಟು ತೋರಿಸಿದಳು. "ಬೆಳಗ್ಗೆಯಿಂದ ಅಮ್ಮ ಮಾತಾಡಿದ್ದು ನಾನು ಬರೆದ ಸಾಲಿನ ಜೊತೆಗೆ."

"ಅವರಿಗೆ ನೀವು ಹೇಳ್ತೀರಾ, ನಾನು ಹೇಳ್ಲಾ?"

"ನಾನೇ ಹೇಳ್ತೀನಿ."

ಒಳಗೆ ತಾಯಿ ಮಗನ ಅಂಗಾಲು ತಿಕ್ಕುತ್ತಿದ್ದರು. ಅಕ್ಕ ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಬಾ ಇಲ್ಲಿ. ಸಂಜೆ ಏನು ಹೇಳ್ಲಿ ಅಂತ ನಾನ್ಯಾಕೆ ತಲೆ ಕೆಡಿಸ್ಕೊಳ್ಲಿ? ಅವನನ್ನೇ ಕೇಳೋಣ. ಹೋಗ್ತೀನಿ ಅಂದ್ರೆ ಕಳಿಸಿಕೊಡ್ತೀನಿ. ಅವನ ಬಾಯಿಂದ ಬರದೆ ನಾನೇ ಹೂಂ ಅಂದುಬಿಟ್ರೆ, ಹೆತ್ತವಳೇ ಕೊಂದೆ ಅಂತ ಕೊರಗಿ ಕೊರಗಿ ಸಾಯ್ಬೇಕು ನಾನು."

"ಅಮ್ಮಾ, ಅದು..."

"ಇನ್ನೊಂದು ಮಾತು ಕೇಳು. ಆ ಡಬ್ಬ ಬೇಗ ಮುಚ್ಕೊಂಡುಬಿಡುತ್ತೆ ಕಣೇ. ನನಗೇ ಓದಿ ಮುಗಿಯಲ್ಲ. ಇಷ್ಟು ದೊಡ್ಡ ಮಾತಿಗೆ ಅವಸರ ಮಾಡ್ಬೇಡ."

ಅಕ್ಕ ಮೌಸನ್ನು ಮತ್ತೆ ತಮ್ಮನ ಬೆರಳಡಿ ಇಟ್ಟಳು. ತಿದ್ದಬೇಕಾದ ಸಾಲು ಕಣ್ಣೆದುರಿಗೇ ಇತ್ತು. ತಿದ್ದಿದರೆ ಉತ್ತರವೇ ಬರುವುದಿಲ್ಲ, ಆ ಭಾರವೆಲ್ಲ ಅಮ್ಮನ ತಲೆಯ ಮೇಲೆ. ತಿದ್ದದಿದ್ದರೆ ಹೌದು ಬರುತ್ತದೆ, ಅಮ್ಮ ಅತ್ತಾದರೂ ನಿದ್ದೆ ಮಾಡುತ್ತಾರೆ. ತಮ್ಮ ಹೇಗಿದ್ದರೂ ಉಳಿಯುವುದಿಲ್ಲ, ಅಮ್ಮನನ್ನಾದರೂ ಉಳಿಸಿಕೊಳ್ಳಬೇಕು. ಬಾಗಿಲಲ್ಲಿ ನಿಂತಿದ್ದ ವೈದ್ಯೆಯನ್ನು ಅವಳು ನೋಡಿದಳು. ವೈದ್ಯೆ ತಲೆ ತಗ್ಗಿಸಿದರು.

ಚೌಕ ನಿಲ್ಲುವ ಅವಧಿಯನ್ನು ಅಮ್ಮ ಹೇಳಿದಂತೆ ಬಹಳ ಉದ್ದ ಮಾಡಿದಳು. ತಿದ್ದಬೇಕಾದ ಸಾಲನ್ನು ಮುಟ್ಟಲಿಲ್ಲ.

"ಏನಂತ ಬರೀಲಿ?"

"ಪುಟ್ಟಾ, ನಿನ್ನ ಕಳಿಸಿಕೊಡ್ಲಾ ಅಂತ ಬರಿ."

ಬರೆದು ಓಡಿಸಿದಳು. ಚೌಕ ಎದ್ದು ನಿಂತಿತು. ತಾಯಿ ಪರದೆಯ ಹತ್ತಿರಕ್ಕೆ ಮುಖ ತಂದು, ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡು, ಕಾದರು. ಅಕ್ಕ ಗೋಡೆಯ ಕಡೆ ತಿರುಗಿದಳು. ತಮ್ಮನ ಹೆಸರಿನಲ್ಲಿ ತಾನು ಹೇಳಿಸುತ್ತಿದ್ದ ಸುಳ್ಳನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಉಸಿರಿನ ಯಂತ್ರದ ಸದ್ದಷ್ಟೇ ಕೇಳುತ್ತಿತ್ತು. ಅವಧಿ ಇನ್ನೂ ಬೇಕಾದಷ್ಟು ಉಳಿದಿತ್ತು.

ತಾಯಿ ಪರದೆಯ ಮೇಲೆ ಮೂಡಿದ್ದನ್ನು ಗಟ್ಟಿಯಾಗಿ ಓದಿದರು: "ಇಲ್ಲ."