ಎಳೆಯುವ ಸ್ಟೇರಿಂಗ್

"ಈ ಆಟದಾಗೆ ಟೈರ್ ಸಿಡಿಯೋದು ಐತಾ?" ಎಂದು ಅನುಸೂಯ ಕೇಳಿದಾಗ ಅಂಗಡಿಯ ಕನಕರಾಜ್ ತಲೆಯೆತ್ತಿ ಅವಳನ್ನು ನೋಡಿದ. ಅಷ್ಟು ಹೊತ್ತೂ ಅವನು ಮಾತಾಡುತ್ತಿದ್ದದ್ದು ಅವಳ ಮೈದುನ ಲಕ್ಷ್ಮೀಕಾಂತನ ಜೊತೆ. ಹಿರಿಯೂರಿನ ಮನೆಯ ಮುಂದಿನ ಕೋಣೆಯಲ್ಲಿ ಲಕ್ಷ್ಮೀಕಾಂತ್ ಕಂಪ್ಯೂಟರ್ ಗೇಮ್ ಸೆಂಟರ್ ತೆರೆಯುವವನಿದ್ದ. ಕಾರ್ ರೇಸಿಗೆ ಒಂದು ಸ್ಟೇರಿಂಗ್ ಬೇಕಿತ್ತು. ದಿನವೆಲ್ಲ ಅಲ್ಲಿ ಕೂತು ನೋಡಿಕೊಳ್ಳುವವಳು ಅನುಸೂಯಳೇ ಆದ್ದರಿಂದ ಅವಳನ್ನೂ ಚಿತ್ರದುರ್ಗಕ್ಕೆ ಕರೆತಂದಿದ್ದ.

ಮೇಜಿನ ಅಂಚಿಗೆ ಎರಡು ಸ್ಟೇರಿಂಗ್ ಬಿಗಿದಿದ್ದರು. ಒಂದು ಹಗುರದ್ದು. ತಿರುಗಿಸಿ ಬಿಟ್ಟರೆ ಸ್ಪ್ರಿಂಗಿನ ಬಲಕ್ಕೆ ನೆಟ್ಟಗಾಗುತ್ತಿತ್ತು, ಅಷ್ಟೆ. ಇನ್ನೊಂದರ ಒಳಗೆ ಮೋಟಾರಿತ್ತು. ಪರದೆಯ ಮೇಲಿನ ಕಾರು ಗುಂಡಿಗೆ ಇಳಿದರೆ ಅದು ಅದುರುತ್ತಿತ್ತು, ತಿರುವಿನಲ್ಲಿ ಕೈಯನ್ನೇ ತಳ್ಳುತ್ತಿತ್ತು. "ಫೋರ್ಸ್ ಫೀಡ್‌ಬ್ಯಾಕ್ ಅಂತಾರೆ. ರಸ್ತೆ ಹೆಂಗೈತೆ ಅಂತ ಕೈಗೇ ಗೊತ್ತಾಗ್ತೈತೆ" ಎಂದು ಕನಕರಾಜ್ ಹೇಳಿದ್ದ. ಲಕ್ಷ್ಮೀಕಾಂತನ ಮನಸ್ಸು ಹಗುರದ್ದರ ಮೇಲಿತ್ತು. ಹತ್ತಾರು ಹುಡುಗರು ಎಳೆದಾಡುವ ವಸ್ತು, ಒಳಗೆ ಮೋಟಾರು ಯಾಕೆ ಎಂದು ಅವನ ಲೆಕ್ಕ.

"ಐತಕ್ಕಾ" ಎಂದ ಕನಕರಾಜ್. "ಅದನ್ನ ಬೇರೆ ಆನ್ ಮಾಡ್ಬೇಕು. ಯಾರೂ ಮಾಡಲ್ಲ, ಆಟ ಕೆಡ್ತೈತೆ ಅಂತ."

"ಮಾಡಿ ತೋರಿಸ್ರಿ."

"ಬ್ಯಾಡ ಅತ್ತಿಗೆ" ಎಂದ ಲಕ್ಷ್ಮೀಕಾಂತ್ ಮೆಲ್ಲಗೆ. ಅವಳು ಆಗಲೇ ಸೆರಗು ಸಿಕ್ಕಿಸಿ ಮೋಟಾರಿನ ಸ್ಟೇರಿಂಗಿನ ಮುಂದೆ ಕೂತಿದ್ದಳು.

ಅವಳ ಗಂಡ ಎರ್ರಿಸ್ವಾಮಿ ಲಾರಿ ಡ್ರೈವರ್. ಹೋದ ವರ್ಷ ಐಮಂಗಲ ದಾಟಿದ ಮೇಲೆ, ಹಾಡುಹಗಲಲ್ಲಿ, ಈರುಳ್ಳಿ ತುಂಬಿದ ಲಾರಿ ಹೈವೇ ಬಿಟ್ಟಿಳಿದು ಉರುಳಿತ್ತು. ಅವನು ಅಲ್ಲೇ ತೀರಿಕೊಂಡ. ಎಡಗಡೆಯ ಮುಂದಿನ ಟೈರು ಚಿಂದಿಯಾಗಿತ್ತು. ಸಿಡಿದದ್ದಕ್ಕೆ ಲಾರಿ ಉರುಳಿತೋ, ಉರುಳಿದ್ದಕ್ಕೆ ಟೈರು ಸಿಡಿಯಿತೋ ಯಾರೂ ಖಚಿತವಾಗಿ ಹೇಳಲಿಲ್ಲ. ಹೇಳಿದವನು ಎರ್ರಿಸ್ವಾಮಿಯ ಹೆತ್ತ ಅಪ್ಪ, ಅನುಸೂಯಳ ಮಾವ ಓಬಳೇಶಪ್ಪ ಒಬ್ಬನೇ. "ಎಚ್ಚರ ಇದ್ದೋನು ಸ್ಟೇರಿಂಗ್ ಬಿಡ್ತಾನಾ? ನಿದ್ದೆ ಹೊಡ್ದವ್ನೆ" ಎಂದು ಮಾತಾಡಿಸಲು ಬಂದವರಿಗೆಲ್ಲ ಹೇಳಿದ. ಊರು ನಂಬಿತು. ಲಕ್ಷ್ಮೀಕಾಂತನೂ ನಂಬಿದ. ಅನುಸೂಯಳೂ ನಂಬಿದ್ದಳು; ಅವಳ ಕಾರಣ ಮಾತ್ರ ಬೇರೆ. ಒಂದು ಲೋಡು ಇಳಿಸಿ ಇನ್ನೊಂದಕ್ಕೆ ಹೊರಡುವ ಮುಂಚೆ ಮಲಗಲೆಂದು ಮನೆಗೆ ಬಂದವನ ಜೊತೆ ಅವಳು ಜಗಳವಾಡಿದ್ದಳು. ಅವನು ಕಣ್ಣು ಮುಚ್ಚದೆ ಎದ್ದು ಹೋಗಿದ್ದ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಪೆಡಲ್ ಒತ್ತುವುದು ಅವಳಿಗೆ ತಿಳಿಯಲಿಲ್ಲ. ಕನಕರಾಜನೇ ಮೇಜಿನ ಕೆಳಗೆ ಬಗ್ಗಿ ಕೈಯಿಂದ ಒತ್ತಿ ಹಿಡಿದ. ಪರದೆಯ ಮೇಲೆ ರಸ್ತೆ ಓಡತೊಡಗಿತು. ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಅವಳು ಸ್ಟೇರಿಂಗ್ ಹಿಡಿದಿದ್ದಳು.

"ಯಾವಾಗ ಸಿಡೀತೈತೆ?"

"ಹೇಳಾಕಾಗಲ್ಲಕ್ಕಾ."

ಹೇಳುತ್ತಿದ್ದಂತೆಯೇ ಢಬ್ಬೆಂದಿತು. ಯಾರೋ ಕಿತ್ತುಕೊಂಡ ಹಾಗೆ ಸ್ಟೇರಿಂಗ್ ಎಡಕ್ಕೆ ಹೊರಳಿ ಅವಳ ಕೈ ತಪ್ಪಿಸಿತು. ಕಾರು ಹೊಲಕ್ಕೆ ಇಳಿದು ಬೋರಲು ಬಿತ್ತು. ಅನುಸೂಯ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಎದ್ದು ಕುರ್ಚಿ ಸರಿಸಿದಳು.

"ಲಕ್ಷ್ಮೀಕಾಂತ, ನೀನು ಹಿಡಿ."

ಅವನು ಕಾರು ಓಡಿಸಬಲ್ಲವನು, ಗಟ್ಟಿ ತೋಳಿನವನು. ಏನಾಗಲಿದೆ ಎಂಬುದೂ ಗೊತ್ತಿತ್ತು. ಹಲ್ಲು ಕಚ್ಚಿ ಕಾದ. ಟೈರು ಹೋದಾಗ ಅವನ ಕೈ ಕದಲಲಿಲ್ಲವೆಂದೇ ಅನ್ನಿಸಿತು. ಆದರೆ ಕಾರು ರಸ್ತೆಯಲ್ಲಿರಲಿಲ್ಲ. ಅವನು ಇನ್ನೂ ಸ್ಟೇರಿಂಗ್ ಹಿಡಿದೇ ಇದ್ದ, ಪರದೆಯ ಮೇಲೆ ಚಕ್ರಗಳು ಆಕಾಶಕ್ಕೆ ತಿರುಗುತ್ತಿದ್ದವು.

"ನಾನು ಬಿಡ್ಲಿಲ್ಲ ಅತ್ತಿಗೆ" ಎಂದ. "ಬಿಡ್ಲೇ ಇಲ್ಲ."

ಇದೇನೂ ತಿಳಿಯದ ಕನಕರಾಜ್ ಸಮಾಧಾನ ಹೇಳಲು ನೋಡಿದ: "ಇದು ಆಟದ್ದಣ್ಣ. ನಿಜವಾದ ಗಾಡೀಲಿ ಇದರ ಎಷ್ಟೋ ಪಟ್ಟು ಎಳೀತೈತೆ."

ಹೊರಗೆ ಬಸ್ಸೊಂದು ಹಾರನ್ ಹೊಡೆಯುತ್ತಾ ಹೋಯಿತು. ಲಕ್ಷ್ಮೀಕಾಂತ್ ಕುರ್ಚಿಯಿಂದ ಏಳಲೇ ಇಲ್ಲ. ಕೊನೆಗೆ ಕನಕರಾಜನೇ ಕೇಳಿದ, "ಹಗುರದ್ದು ಕಟ್ಲಾ? ಹುಡುಗರಿಗೆ ಅದೇ ಸಲೀಸು."

"ಹುಡುಗರಿಗೆ ಅದೂ ಇರ್ಲಿ" ಎಂದಳು ಅನುಸೂಯ. "ಇದನ್ನೂ ಕಟ್ರಿ. ಮಾವ ಒಂದ್ಸಲ ಹಿಡೀಬೇಕು."