ಧಾರವಾಡದಿಂದ ಬಂದ ಮೂಗು

“ವಾಸನಿ ಬರ್ತದ್ರೀ, ಸರ್. ಭಾಳ ಜೋರ್ ಬರ್ತದ,” ಎಂದರು ಪ್ರೊಫೆಸರ್ ಪಾಟೀಲರು.

ಹೊಂಬಾಳಮ್ಮ ಬೆಚ್ಚಿ ಅವರತ್ತ ತಿರುಗಿದಳು. ವಾಸನೆ ಬರುವುದಿಲ್ಲ ಎಂದು ಹೇಳಲಿ ಅಂತಲೇ ಅವಳು ಈ ಮನುಷ್ಯನನ್ನು ಧಾರವಾಡದಿಂದ ಮಂಡ್ಯದ ಈ ವಿಚಾರಣೆಗೆ ಕರೆಸಿದ್ದು. ಪಕ್ಕದಲ್ಲಿ ಕೂತಿದ್ದ ವಕೀಲೆ ಚಂದನಳ ಕೈ ಚಿವುಟಿದಳು. ಚಂದನ ಅವಳ ಅಣ್ಣನ ಮಗಳು.

“ಏನಮ್ಮಿ ಇದು? ಇವ್ನು ನಮ್ ಕಡೆಯೋನಾ, ಅವ್ರ ಕಡೆಯೋನಾ?”

“ಸುಮ್ಕಿರಿ ಅತ್ತೆ,” ಎಂದಳು ಚಂದನ. ಅವಳೂ ಗಾಬರಿಯಲ್ಲಿ ಫೈಲಿನ ಹಾಳೆ ತಿರುವುತ್ತಿದ್ದಳು.

ಎದುರು ಸಾಲಿನಲ್ಲಿ ದೂರುದಾರ ರಾಮಲಿಂಗಯ್ಯ ಕಣ್ಣು ಮುಚ್ಚಿ ಕೈಮುಗಿದರು. ಅವರ ಹೆಂಡತಿ ದೇವಿರಮ್ಮ ಹಿಂದೆ ಕೂತು ಸೆರಗಿನ ತುದಿ ತಿರುಚುತ್ತಿದ್ದರು.

ವ್ಯಾಜ್ಯ ಇಷ್ಟೇ. ಮದ್ದೂರಿನಲ್ಲಿ ಹೊಂಬಾಳಮ್ಮ ತನ್ನ ಮನೆಯ ಹಜಾರದಲ್ಲೇ ಮೆಸ್ಸು ನಡೆಸುತ್ತಾಳೆ. ಮುದ್ದೆ, ನಾಟಿ ಕೋಳಿ ಸಾರು. ಗೆಜ್ಜಲಗೆರೆ ಕಾರ್ಖಾನೆಗಳ ಹುಡುಗರು ಮಧ್ಯಾಹ್ನ ಬೈಕ್ ಹತ್ತಿ ಬಂದು ಬೆವರು ಸುರಿಸುತ್ತಾ ಉಂಡು ಹೋಗುತ್ತಾರೆ. ಮಾದಪ್ಪನ ವಾರವೆಂದು ಸೋಮವಾರ ಬೀಗ ಹಾಕಿದರೆ, ಅದೇ ಹುಡುಗರು ಅವಳನ್ನು ಬೈದುಕೊಂಡು ಉಪ್ಪಿಟ್ಟು ತಿನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಅವಳನ್ನು ಎತ್ತಿ ನಿಲ್ಲಿಸಿದ್ದು ಆ ಒಲೆಯೇ.

ರಾಮಲಿಂಗಯ್ಯನವರ ಮನೆ ಹಿಂದಿನ ರಸ್ತೆಯಲ್ಲಿ. ನೌಕರಿಯಿಂದ ನಿವೃತ್ತರಾದ ಮೇಲೆ ಕೋಳಿ, ಕುರಿಯ ಬಾಡು ಬಿಟ್ಟು, ರುದ್ರಾಕ್ಷಿ ಹಾಕಿಕೊಂಡು, ಭಜನೆ ಮಂಡಳಿಯ ಅಧ್ಯಕ್ಷರಾದವರು. ಬಿಟ್ಟದ್ದನ್ನು ಇಡೀ ಬಡಾವಣೆಗೆ ಸಾರಿದವರು. ಒಂದು ದಿನ ಅವರ ನಡುಮನೆಗೆ ಭಜನೆಗೆ ಬಂದವರು ಮೂಗು ಅರಳಿಸಿ, “ಏನ್ ಸಾಮಿ, ಮಸಾಲೆ ಘಮಘಮ ಅಂತದೆ?” ಎಂದು ಕೇಳಿದರಂತೆ.

“ಇನ್ನೇನು, ಆ ಹೊಂಬಾಳಮ್ಮನ ಮೆಸ್ಸು! ನೆಮ್ಮದಿಯಾಗಿ ದೇವರ ಹೆಸರೇಳಾಕೂ ಬುಡಾಕಿಲ್ಲ,” ಎಂದರಂತೆ ಇವರು.

ಹಾಗಾದರೆ ದೂರು ಕೊಡಿ ಎಂದು ಮಂಡಳಿಯವರು ಗಂಟುಬಿದ್ದರು. ಇವರು ಕೊಟ್ಟರು. ಮನೆಗಳಿರುವ ವಲಯದಲ್ಲಿ ಮೆಸ್ಸು ನಡೆಸಬಹುದು, ಆದರೆ ವಾಸನೆ ಅಕ್ಕಪಕ್ಕದವರ ಮನೆಗೆ ನುಗ್ಗಬಾರದು ಎಂಬುದು ಯೋಜನಾ ಪ್ರಾಧಿಕಾರದ ಷರತ್ತು. ಮೆಸ್ಸು ಮುಚ್ಚಿ ಎಂದು ನೋಟೀಸು ಬಂತು. ಹೊಂಬಾಳಮ್ಮ ಮೇಲ್ಮನವಿ ಹಾಕಿದಳು. ಇಲ್ಲಿ ಸೋತರೆ ಒಲೆ ಆರಿದ ಹಾಗೆಯೇ.

ತಜ್ಞರ ಸಾಕ್ಷಿ ಬೇಕು ಎಂದಳು ಚಂದನ. ಹುಡುಕಿದರು. ಮಂಡ್ಯದ ಎಂಜಿನಿಯರು ರಾಮಲಿಂಗಯ್ಯನವರ ಷಡ್ಡಕನ ಮಗ. ಕೊಪ್ಪದವನು ಹೊಂಬಾಳಮ್ಮನ ನಾದಿನಿಯ ಗಂಡ. ಭಾರತೀನಗರದ ಮೇಷ್ಟ್ರು ಎರಡೂ ಕಡೆಗೆ ಬೀಗರು!

“ನೆಂಟಸ್ತಿಕೆ ಇಲ್ದೇ ಇರೋನು ಈ ಸೀಮೇಲಿ ಉಟ್ಟೇ ಇಲ್ಲ ಕಣಮ್ಮಿ,” ಎಂದು ಹೊಂಬಾಳಮ್ಮ ಕೈಚೆಲ್ಲಿದಳು. ಆಗ ಚಂದನಳಿಗೆ ಸಿಕ್ಕವರು ಪಾಟೀಲರು. ಹೊಗೆ, ಗಾಳಿ, ವಾಸನೆಗಳನ್ನೇ ಓದಿಕೊಂಡವರು. ಮದ್ದೂರನ್ನು ರೈಲಿನ ಕಿಟಕಿಯಿಂದ ಮಾತ್ರ ಕಂಡವರು.

ಅವರದು ಒಂದೇ ಹಟ. “ಯಾವಾಗ ಬರ್ತೀನಿ ಅಂತ ಹೇಳೂದಿಲ್ರೀ. ಹೇಳಿ ಬಂದ್ರ ನೀವು ಒಲಿ ಸಣ್ಣ ಮಾಡ್ತೀರಿ. ನಿಮ್ಮ ಮೆಸ್ಸಿನ ರಸ್ತಾಕ್ಕೂ ಬರೂದಿಲ್ಲ. ಅವರ ಮನಿ ಗ್ವಾಡಿ ಮಗ್ಗಲಾ ನಿಂತು ಮೂಸಿ, ವಿಚಾರಣಿಯೊಳಗ ಬಂದು ಹೇಳ್ತೀನಿ.”

“ಒಂದ್ ತುತ್ತು ಉಣ್ಕಂಡಾದ್ರೂ ಓಗಿ ಸಾಮಿ,” ಎಂದು ಹೊಂಬಾಳಮ್ಮ ಫೋನಿನಲ್ಲಿ ಅಂಗಲಾಚಿದ್ದಳು.

“ಉಂಡು ಸಾಕ್ಷಿ ಹೇಳಿದ್ರ ಯಾರೂ ನಂಬೂದಿಲ್ರೀ ಅಮ್ಮಾ,” ಎಂದು ಫೋನಿಟ್ಟುಬಿಟ್ಟಿದ್ದರು.

ಉಣ್ಣಿಸದೆ ಬಿಟ್ಟಿದ್ದೇ ತಪ್ಪಾಯಿತು ಎಂದು ಅವಳಿಗೆ ಈಗ ಹೊಟ್ಟೆ ಉರಿಯಿತು. ಒಂದು ತೊಡೆ ಪೀಸು ಹೊಟ್ಟೆಗೆ ಬಿದ್ದಿದ್ದರೆ ಈ ನಾಲಿಗೆ ಹೀಗೆ ಹೊರಳುತ್ತಿತ್ತೇ?

ವಿಚಾರಣಾಧಿಕಾರಿ ಮಳವಳ್ಳಿ ಕಡೆಯವರು. ಕನ್ನಡಕ ಸರಿಮಾಡಿಕೊಂಡು ಕೇಳಿದರು. “ಯಾವುದರ ವಾಸನೆ ಅಂತ ಗೊತ್ತಾಯಿತೇ?”

“ಕೋಳಿ ಸಾರಿಂದ್ರೀ ಸರ್. ಅನುಮಾನಾನ ಇಲ್ಲ. ಹುರಿದ ಕೊಬ್ಬರಿ, ಗಸಗಸಿ, ಚಕ್ಕಿ, ಲವಂಗ. ತಾಸುಗಟ್ಟಲೆ ನಿಂತೀನಿ. ಖರೇ ಹೇಳ್ತೀನಿ, ನನ್ನ ಬಾಯಾಗೂ ನೀರು ಬಂತು.”

ರಾಮಲಿಂಗಯ್ಯ ಎದ್ದು ನಿಂತರು. “ಕೇಳುಸ್ಕಂಡ್ರಾ ಸಾರ್? ಅವ್ರೇ ಕರ್ಸಿದೋರ ಬಾಯಲ್ಲೇ ಬಂತು! ದಿನಾ ಇದೇ ನರಕ ನಮಗೆ. ಬಾಡು ಅಂದ್ರೆ ಕಿವಿ ಮುಚ್ಕಳೋ ಮನುಸ್ಯ ನಾನು. ಮೊದ್ಲು ಬೀಗ ಹಾಕ್ಸಿ.”

“ಅನ್ಯಾಯ ಕಣ್ ಸಾಮಿ! ನಾನು ಈ ವಯಸ್ನಲ್ಲಿ ಎಲ್ಲಿಗೋಗ್ಲಿ?” ಎಂದು ಹೊಂಬಾಳಮ್ಮ ಅತ್ತೇಬಿಟ್ಟಳು. ಪಾಪ, ಆ ಒಲೆ ಬಿಟ್ಟರೆ ಅವಳಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಅಧಿಕಾರಿ ನಿಟ್ಟುಸಿರು ಬಿಟ್ಟು ಆದೇಶ ಬರೆಯತೊಡಗಿದರು. ನಡುವೆ ತಲೆಯೆತ್ತದೆಯೇ ಕೇಳಿದರು. “ಸ್ಥಳ ನೋಡಿದ್ದು ಯಾವತ್ತು, ಪ್ರೊಫೆಸರೇ?”

“ಮೊನ್ನಿ ಸೋಮವಾರ, ಸರ್. ಮಧ್ಯಾಹ್ನ ಊಟದ ಹೊತ್ತಿಗೆ.”

ಪೆನ್ನು ನಿಂತಿತು. ಹೊಂಬಾಳಮ್ಮನ ಅಳುವೂ ಅರ್ಧಕ್ಕೆ ನಿಂತಿತು.

ಚಂದನ ಮೆಲ್ಲಗೆ ಎದ್ದಳು. “ಸರ್, ಸೋಮವಾರ ನಮ್ಮತ್ತೆ ಮೆಸ್ಸಿನ ಬೀಗ ತೆಗೆಯೋದೇ ಇಲ್ಲ. ಬೇಕಾದರೆ ಇಡೀ ಮದ್ದೂರನ್ನ ಕೇಳಿ.”

“ಯಾಕ್ರೀ? ಸೋಮವಾರ ಏನದ?” ಎಂದರು ಪಾಟೀಲರು, ಎಲ್ಲರ ಮುಖ ನೋಡುತ್ತಾ.

ಎಲ್ಲರ ಕಣ್ಣೂ ರಾಮಲಿಂಗಯ್ಯನವರ ಮೇಲಿತ್ತು. ಅವರು ರುದ್ರಾಕ್ಷಿಯನ್ನು ಅಂಗಿಯೊಳಗೆ ಸೇರಿಸಿಕೊಂಡು ಮೆಲ್ಲಗೆ ಕೂತರು.

ಹಿಂದಿನಿಂದ ದೇವಿರಮ್ಮನ ದನಿ ಬಂತು. “ಸೋಮ್ವಾರ ಒಂದಿನನಾದ್ರೂ ಕೋಳಿ ಬುಟ್ಬುಡಿ ಅಂತ ಬಡ್ಕಂಡೆ, ಕೇಳುದ್ರಾ?”