ಕಾಶವ್ವನ ನೋವು, ಸಮಿತಿಯ ಮುಂದೆ

ಹೊಸ ಆರೋಗ್ಯ ವಿಮೆ ಹೇಗೆ ಜಾರಿಯಾಗಿದೆ ಎಂದು ಪರಿಶೀಲಿಸುವ ಶಾಸಕರು ದೂರುದಾರರ ನೋವನ್ನು ತಾವೂ ಅನುಭವಿಸಲೇಬೇಕು, ಕಾನೂನೇ ಹಾಗಿದೆ. ಎಂದಿನಂತೆ ನರ್ಸ್ ಬಂದು ದೂರು ಕೊಟ್ಟಿದ್ದ ಕಾಶವ್ವನ ಮುಂಗೈಯಿಂದ ಸಮಿತಿಯ ಶಾಸಕರ ಮುಂಗೈಗಳಿಗೆ ನೋವು ಹರಿಸುವ ತಂತಿ ಜೋಡಿಸಿದಳು. ಕಿಡ್ನಿಯ ಕಲ್ಲು ಚುಚ್ಚಿತು. ಕಾಶವ್ವ ಮೇಜು ಹಿಡಿದು ಬಗ್ಗಿದಳು.

ಅಧ್ಯಕ್ಷರು ಗೋಡಂಬಿ ಮೆಲ್ಲುತ್ತಲೇ ಇದ್ದರು. “ಅಂಥಾ ನೋವೇನಿಲ್ಲ. ಆಪರೇಷನ್ ಬೇಡ ಅಂತ ವಿಮೆಯವರು ಹೇಳಿದ್ದು ಸರಿಯಾಗೇ ಇದೆ.”

“ತಂತಿ ಕೆಟ್ಟೈತೇನ್ ತಂಗಿ?” ಕಾಶವ್ವ ನರ್ಸನ್ನು ಕೇಳಿದಳು.

“ಇಲ್ರಿ ಅಕ್ಕಾರ,” ನರ್ಸ್ ಪಿಸುಗುಟ್ಟಿದಳು. “ಸಾಹೇಬ್ರೆಲ್ಲಾ ಮೈ ಮರಗಟ್ಟೋ ಇಂಜೆಕ್ಷನ್ ತಗೊಂಡ ಬಂದಾರ.”

“ಅದಕ್ಕ ಮಂಜೂರಿ ಕೊಟ್ಟವರ್ಯಾರು?”

“ಇದೇ ವಿಮೆಯವ್ರು. ಕೇಳಿದ ಕೂಡ್ಲೇ.”

ಕಾಶವ್ವ ಮೇಜಿನ ಮೈಕನ್ನು ಕಿತ್ತು ನರ್ಸಿನ ಬಾಯಿಗೆ ಹಿಡಿದಳು.

“ಜೋರಾಗಿ ಹೇಳು. ಇವ್ರ ಕಿವಿನೂ ಮರಗಟ್ಟ್ಯಾವೇನು ನೋಡೋಣು.”